ಗಾಳಿಯಲ್ಲಿ ಬಿಗಿದ ಬೋಲ್ಟು

ಮಾರ್ಚ್ ೩, ಸೋಮವಾರ

ಪುಟ್ಟಿ ಬಂದಿದ್ದಳು. ಅಣ್ಣನ ಮಗಳು. ಇಪ್ಪತ್ತಾರು ತುಂಬಿದರೂ ನಮಗೆ ಪುಟ್ಟಿಯೇ. ಮನೆ ಮನೆಗೆ ಹೋಗಿ ಮುರಿದ ಕಾಲು, ಹಿಡಿದ ಸೊಂಟಗಳಿಗೆ ವ್ಯಾಯಾಮ ಮಾಡಿಸುವುದು ಅವಳ ಕೆಲಸ. ಮುಂದಿನ ತಿಂಗಳಿಂದ ಕಲ್ಲುಗಣಿಯ ಕಡೆಯ ಮನೆಗಳೂ ಅವಳ ಪಾಲಿಗೆ ಬಂದಿವೆಯಂತೆ. ಆ ರಸ್ತೆಯನ್ನು ರಸ್ತೆ ಎಂದು ಕರೆಯುವುದು ದೊಡ್ಡ ಮನಸ್ಸಿನವರು ಮಾತ್ರ. ಷೆಡ್ಡಿನ ಮುಂದೆ ನಿಂತು ನೇರವಾಗಿ ಕೇಳಿದಳು.

“ಚಿಕ್ಕಪ್ಪ, ಅಪ್ಪನ ಕಾರು ಬೇಕು. ಎಂಜಿನ್ನು ನೋಡೋಕೆ ಬೇರೆ ಜನ ಇದ್ದಾರೆ. ಮುಂದಿನ ಸಸ್ಪೆನ್ಷನ್ ಮಾತ್ರ ಪೂರ್ತಿ ಬದಲಾಯಿಸ್ಬೇಕು. ಗಟ್ಟಿ ಸ್ಪ್ರಿಂಗು, ಹೊಸ ಶಾಕ್ ಅಬ್ಸಾರ್ಬರು, ದಪ್ಪ ತೋಳು, ಎಲ್ಲ. ಅದು ನಿಮ್ಮ ಕೈಯಲ್ಲೇ ಆಗ್ಬೇಕು.”

“ಬೇರೆ ಕಾರು ತಗೊಳ್ಳೇ. ಇದು ಮುದಿಯಾಗಿದೆ.”

“ನೀವೂ ಆಗಿದ್ದೀರಿ. ನಿಮ್ಮನ್ನ ಬದಲಾಯಿಸಿದ್ವಾ?”

“ಬದಲಾಯಿಸ್ಬಹುದು ಅಂತ ಗೊತ್ತಿದ್ರೆ ನಲವತ್ತು ವರ್ಷದ ಹಿಂದೇನೇ ಕೇಳ್ತಿದ್ದೆ” ಎಂದಳು ಒಳಗಿನಿಂದ ಇವಳು, ನನ್ನ ಹೆಂಡತಿ.

ನಾನೂ ನಕ್ಕೆ. ಷೆಡ್ಡಿನ ಬೀಗದ ಕೈ ಎಲ್ಲಿಟ್ಟೆನೋ, ಹುಡುಕಿಡುತ್ತೇನೆ ಎಂದೆ. ಬೀಗದ ಕೈ ಜೇಬಿನಲ್ಲೇ ಇತ್ತು. ಆರು ವರ್ಷದಿಂದ ಅಲ್ಲೇ ಇದೆ.

ಗ್ಯಾರೇಜು ನಡೆಸುತ್ತಿದ್ದ ಕಾಲದ ಈ ಪುಸ್ತಕ ಅರ್ಧ ಖಾಲಿ ಉಳಿದಿತ್ತು. ಯಾರ ಹತ್ತಿರವೂ ಆಡಲಾಗದ ಮಾತಿಗೆ ಕಾಗದವೇ ಗತಿ. ಬರೆದೇ ಬಿಡುತ್ತೇನೆ.

ಏಳು ವರ್ಷದ ಹಿಂದೆ ಈ ಕಾರಿನ ಮುಂಭಾಗದ ಕೆಲಸ ಮಾಡಿದವನು ನಾನು. ಮಾಡಿ ಹದಿನಾಲ್ಕು ತಿಂಗಳಾದ ಮೇಲೆ ಅಣ್ಣ ಹೇಳಿದ, “ಮುಂದೆ ಏನೋ ಟಕ್ ಟಕ್ ಅಂತಿದೆ ಕಣೋ.” ಅವನು ಊರೂರು ಸುತ್ತಿ ಜನರ ಕಣ್ಣು ಪರೀಕ್ಷಿಸಿ ಕನ್ನಡಕ ಮಾಡಿಕೊಡುತ್ತಿದ್ದವನು. ನಾನು ಹೇಳಿದೆ, “ಊರವರ ಕಣ್ಣು ನೋಡಿದ್ದು ಸಾಕು, ನಿನ್ನ ಕಿವಿ ಯಾರಿಗಾದ್ರೂ ತೋರಿಸ್ಕೋ.” ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಅದಾಗಿ ಒಂಬತ್ತನೆಯ ದಿನ, ಇಳಿಜಾರಿನ ತಿರುವಿನಲ್ಲಿ, ಕಾರು ರಸ್ತೆ ಬಿಟ್ಟು ಹೊಲಕ್ಕಿಳಿದು ನಿಂತಿತ್ತು. ಅಣ್ಣ ಸೀಟಿನಲ್ಲೇ ಇದ್ದ. ಕನ್ನಡಕ ಮೂಗಿನ ಮೇಲೆ ಕದಲದೆ ಕೂತಿತ್ತು. ಎದೆ ನಿಂತಿದೆ ಎಂದರು ಡಾಕ್ಟರು. ಎದೆ ನಿಂತು ಕಾರು ರಸ್ತೆ ಬಿಟ್ಟಿತೋ, ಕಾರು ರಸ್ತೆ ಬಿಟ್ಟು ಎದೆ ನಿಂತಿತೋ, ಯಾರೂ ಕೇಳಲಿಲ್ಲ. ನಾನು ಕಾರನ್ನು ಎಳೆಸಿ ತಂದು ಷೆಡ್ಡಿಗೆ ಹಾಕಿ ಬೀಗ ಜಡಿದೆ.

ಮುಂಭಾಗ ಬಿಚ್ಚಿದರೆ ನನ್ನ ಕೆಲಸ ಹೇಗಿತ್ತೆಂದು ಗೊತ್ತಾಗುತ್ತದೆ. ಅದಕ್ಕೇ ಬಿಚ್ಚಿಲ್ಲ.

ಮಾರ್ಚ್ ೪, ಮಂಗಳವಾರ

ಬೆಳಿಗ್ಗೆ ಹನ್ನೊಂದಕ್ಕೆ ಬೀಗ ತೆಗೆದೆ. ಟಾರ್ಪಾಲು ಎಳೆದರೆ ಒಂದು ಮೊರ ಧೂಳು. ಕಾರು ನೋಡಿದ ಕೂಡಲೇ ನನ್ನ ಬಾಯಿಂದ “ಅಣ್ಣಾ” ಎಂದು ಬಂತು. ಬರಬಾರದಿತ್ತು.

ಡ್ರೈವರ್ ಸೀಟು ಹಿಂದಕ್ಕೆ ಸರಿದೇ ಇದೆ, ಉದ್ದ ಕಾಲಿನವನು ಅವನು. ಕನ್ನಡಿಯೂ ಅವನ ಎತ್ತರಕ್ಕೇ ಇದೆ. ಬಗ್ಗಿ ನೋಡಿದರೆ ನನ್ನ ಮುಖ ಕಾಣಲಿಲ್ಲ. ಹಿಂದಿನ ಗಾಜು, ಗಾಜಿನಾಚೆ ಬಾಗಿಲಿನ ಬೆಳಕು, ಅಷ್ಟೇ. ಅವನು ನೋಡುವುದನ್ನು ನಾನು ನೋಡಿದ ಹಾಗಾಯಿತು.

ಚಕ್ರಕ್ಕೂ ಅದರ ಮೇಲಿನ ತಗಡಿಗೂ ನಡುವೆ ಬೆರಳಿಟ್ಟು ಅಳೆದೆ. ಎಡಗಡೆ ನಾಲ್ಕು ಬೆರಳು, ಡ್ರೈವರ್ ಕಡೆ ಮೂರು. ಒಬ್ಬರೇ ಓಡಿಸಿದ ಕಾರಿನಲ್ಲಿ ಡ್ರೈವರ್ ಕಡೆಯ ಸ್ಪ್ರಿಂಗು ಬೇಗ ಕುಸಿಯುತ್ತದೆ. ಸಾವಿರ ಸಲ ಕಂಡಿದ್ದೇನೆ. ಗೊತ್ತಿದ್ದೂ ಹಿಂದಕ್ಕೆ ಸರಿದು ನಿಂತೆ, ಒಳಗೆ ಕೂತವರಿಗೆ ಅಡ್ಡಿಯಾಗಬಾರದೆಂಬ ಹಾಗೆ.

ಬಿಸಿಲೇರಿದಾಗ ಮೇಲಿಂದ ಸದ್ದು ಬಂತು. ಷೆಡ್ಡಿನ ಮಾಡಿನ ತಗಡು ಹಿಗ್ಗುವ ಸದ್ದು. ಆಮೇಲೆ ಒಂದು ಕೆಮ್ಮು. ತಗಡಿಗೆ ಕೆಮ್ಮಲು ಬರುವುದಿಲ್ಲ.

ಮಾರ್ಚ್ ೭, ಶುಕ್ರವಾರ

ಎಂಜಿನ್ನಿನವರು ಬಂದು ಕೆಲಸ ಮುಗಿಸಿದರು. ಒಬ್ಬ ಸೀಟು ಮುಂದಕ್ಕೆ ಎಳೆಯಲು ಕೈ ಹಾಕಿದ. ಸೀಟು ಮುಟ್ಟಬೇಡ ಎಂದು ಕಿರುಚಿದೆ. ಪಾಪ, ಹೆದರಿಬಿಟ್ಟ. ಆಮೇಲೆ ಕಾಫಿ ಕೊಟ್ಟು ಸಮಾಧಾನ ಮಾಡಿದೆ.

ಡ್ರೈವರ್ ಕಡೆ ಇವತ್ತು ಎರಡೂವರೆ ಬೆರಳು.

ಮಾರ್ಚ್ ೯, ಭಾನುವಾರ

ಪುಟ್ಟಿ ಹೊಸ ಸಾಮಾನೆಲ್ಲ ತಂದಳು. ಜೊತೆಗೆ ದಪ್ಪನೆಯ ರಿಪೇರಿ ಪುಸ್ತಕ. ಎರಡೂವರೆ ಬೆರಳಿನ ವಿಷಯ ಹೇಳಿದೆ. ಅವಳು ನನ್ನ ಕೈ ಹಿಡಿದು ತಿರುಗಿಸಿ ನೋಡಿ, “ಕಾರು ಇಳಿದಿಲ್ಲ ಚಿಕ್ಕಪ್ಪ, ನಿಮ್ಮ ಬೆರಳು ಬಾತಿದೆ. ಉಪ್ಪು ಕಮ್ಮಿ ಮಾಡಿ” ಎಂದಳು.

ಕೆಲಸ ಶುರು ಮಾಡುವ ಮುಂಚೆ ಅವಳಿಗೆ ಪಾಠ ಹೇಳಿದೆ. ಮುಂದಿನ ಚಕ್ರ ಎಳೆಯುವ ಕಾರೆಂದರೆ ಒಟ್ಟು ಕುಟುಂಬದ ಹಿರೀ ಸೊಸೆಯ ಹಾಗೆ. ಎಳೆಯುವುದೂ ಅದೇ, ತಿರುಗುವುದೂ ಅದೇ, ಗುಂಡಿಯ ಪೆಟ್ಟು ಮೊದಲು ತಿನ್ನುವುದೂ ಅದೇ. ಹಿಂದಿನ ಎರಡು ಚಕ್ರ ಬೀಗರಿದ್ದ ಹಾಗೆ, ಸುಮ್ಮನೆ ಹಿಂದೆ ಬರುತ್ತವೆ. ಅದಕ್ಕೇ ಮುಂದಿನ ಸಸ್ಪೆನ್ಷನ್ನಿಗೆ ಗಟ್ಟಿ ಮೈ ಬೇಕು.

“ಬೀಗರು ಅಂದ್ರಲ್ಲ, ಚಿಕ್ಕಮ್ಮ ಕೇಳಿಸ್ಕೊಂಡ್ರು” ಎಂದಳು.

ಮೊದಲು ಎಡಗಡೆಯ ಚಕ್ರ ಬಿಚ್ಚಿದೆವು. ಶಾಕು, ಸ್ಪ್ರಿಂಗು ಇಳಿಸಿ ಹೊಸದು ಕೂರಿಸಿದೆವು. ಅವಳ ಕೈ ಒಳ್ಳೆಯದು. ಬೋಲ್ಟನ್ನು ಹೆದರಿಸುವುದಿಲ್ಲ, ಮಾತಾಡಿಸಿ ತೆಗೆಯುತ್ತಾಳೆ. ಅವಳಪ್ಪ ಮಸೂರವನ್ನು ಫ್ರೇಮಿಗೆ ಕೂರಿಸುತ್ತಿದ್ದದ್ದು ಹೀಗೆಯೇ.

ಎದ್ದು ನಿಂತಾಗ ನನ್ನ ಮೊಣಕಾಲು ಟಕ್ ಎಂದಿತು. ತಟ್ಟನೆ ಕಾರಿನ ಕಡೆ ತಿರುಗಿದೆ.

“ಕೀಲಿನ ಬುಶ್ ಸವೆದಿದೆ ನಿಮ್ದು” ಎಂದು ನಕ್ಕಳು.

ಮಾರ್ಚ್ ೧೨, ಬುಧವಾರ

ಇಂದು ಪುಟ್ಟಿಗೆ ರೋಗಿಗಳ ಮನೆಗಳಿದ್ದವು. ನಾನೊಬ್ಬನೇ ಡ್ರೈವರ್ ಕಡೆ ಬಿಚ್ಚಿದೆ. ಒಬ್ಬನೇ ಇದ್ದಾಗಲೇ ಬಿಚ್ಚಬೇಕೆಂದು ಭಾನುವಾರವೇ ಮನಸ್ಸಿನಲ್ಲಿ ಮಾಡಿಕೊಂಡಿದ್ದೆ, ಸುಳ್ಳೇಕೆ.

ಚಕ್ರವನ್ನು ಕಾರಿನ ಮೈಗೆ ಹಿಡಿಯುವುದು ಕೆಳಗಿನ ಕಬ್ಬಿಣದ ತೋಳು. ತೋಳು ಮೈಗೆ ಸೇರುವಲ್ಲಿ ಒಂದು ರಬ್ಬರಿನ ಬಳೆ, ಅದೇ ಬುಶ್ಶು. ಎಡಗಡೆಯದರಲ್ಲಿ ಬಿರುಕು ಮಾತ್ರ ಇತ್ತು. ಈ ಕಡೆಯದು ಕೈಗೆ ಎರಡು ತುಂಡಾಗಿ ಬಂತು. ರಬ್ಬರು ಸುತ್ತಲೂ ಹರಿದು, ಒಳಗಿನ ಉಕ್ಕು ಹೊರಗಿನ ಉಕ್ಕಿಗೆ ಬಡಿದು ಬಡಿದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಕಾರು ಎಷ್ಟು ವರ್ಷ ನಿಂತರೂ ರಬ್ಬರು ಹಾಗೆ ಹರಿಯುವುದಿಲ್ಲ, ಉಕ್ಕು ಹಾಗೆ ಹೊಳೆಯುವುದಿಲ್ಲ. ಅದು ಓಡುವಾಗ, ಅವನು ಓಡಿಸುವಾಗ ಆದದ್ದು. ಇಂಥ ಬುಶ್ಶಿನ ಕಾರಿನಲ್ಲಿ ಬ್ರೇಕು ಒತ್ತಿದರೆ ಚಕ್ರ ತನಗೆ ತೋಚಿದ ಕಡೆ ವಾಲುತ್ತದೆ.

ಟಕ್ ಟಕ್ ಅಂತಿದೆ ಕಣೋ.

ಹದಿನಾಲ್ಕು ತಿಂಗಳಿಗೆ ಹೇಗೆ ಹರಿಯಿತು? ಕಳಪೆ ರಬ್ಬರಿರಬೇಕು. ಅಂಗಡಿಯವನು ಮೋಸ ಮಾಡಿರಬೇಕು. ಹೌದು, ಹಾಗೇ ಆಗಿರಬೇಕು.

ಎರಡೂ ತುಂಡು ಜೇಬಿಗೆ ಹಾಕಿಕೊಂಡೆ. ಬಗ್ಗಿದ್ದವನು ತಲೆಯೆತ್ತಿದರೆ ಸೀಟಿನ ಅಂಚು ಕಾಣುತ್ತಿತ್ತು. ಬಿಸಿಲು ಅದರ ಮೇಲೆ ಮೊಣಕಾಲಿನಷ್ಟು ಅಗಲ ಬಿದ್ದಿತ್ತು. ಮೇಲಕ್ಕೆ ನೋಡಲಿಲ್ಲ. ನೋಡಿದ್ದರೆ ಇರುತ್ತಿದ್ದ.

ಸಂಜೆ ಪುಟ್ಟಿ ಫೋನು ಮಾಡಿ “ಡ್ರೈವರ್ ಬದಿ ಹೇಗಿತ್ತು ಚಿಕ್ಕಪ್ಪ?” ಎಂದಳು. “ಎಲ್ಲ ಕಾರಿನ ಹಾಗೇ ಸವೆದಿತ್ತು” ಎಂದೆ.

ಮಾರ್ಚ್ ೧೩, ಗುರುವಾರ

ಇವಳು ಲೋಟ ಇಟ್ಟರೆ ಟಕ್. ಗಡಿಯಾರ ಟಕ್. ಬಸ್ಸಿನಲ್ಲಿ ಕಂಡಕ್ಟರ್ ಪೆನ್ನಿನ ತುದಿ ಒತ್ತಿದರೂ ಟಕ್. ಒಂದು ನಿಲ್ದಾಣ ಮೊದಲೇ ಇಳಿದು ನಡೆದು ಬಂದೆ.

ಬಟ್ಟೆ ಒಗೆಯಲು ತೆಗೆದಾಗ ಇವಳಿಗೆ ಅಂಗಿಯ ಜೇಬಿನಲ್ಲಿ ಬುಶ್ಶು ಸಿಕ್ಕಿತು. “ಇದೇನು ಕರೀ ಕೊಳೆ, ಚಿನ್ನ ಇಟ್ಕೊಂಡ ಹಾಗೆ ಎದೆ ಮೇಲೆ ಇಟ್ಕೊಂಡಿದ್ದೀರಿ?”

“ಯಾರ್ದೋ ಕಾರಿಂದು.”

“ನಾನು ಯಾರ್ದು ಅಂತ ಕೇಳ್ಲೇ ಇಲ್ಲ” ಎಂದು ನನ್ನನ್ನೇ ನೋಡಿದಳು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡದ್ದು ಇದಕ್ಕೇ ಇರಬೇಕು.

ಮಾರ್ಚ್ ೧೬, ಭಾನುವಾರ

ಪುಟ್ಟಿ ಬಂದಳು. ಹೊಸ ತೋಳು ಎರಡೂ ಕೂರಿಸಿದೆವು. ಕಾರು ಸ್ಟ್ಯಾಂಡಿನ ಮೇಲಿತ್ತು, ಚಕ್ರಗಳು ಗಾಳಿಯಲ್ಲಿ ಜೋತಾಡುತ್ತಿದ್ದವು. ನಾನು ಉದ್ದ ಸ್ಪ್ಯಾನರ್ ತೆಗೆದುಕೊಂಡು ಬುಶ್ಶಿನ ಬೋಲ್ಟು ಬಿಗಿಯಲು ಕೂತೆ. ಜೀವಮಾನವೆಲ್ಲ ಬಿಗಿದ ಹಾಗೆ.

“ಚಿಕ್ಕಪ್ಪ, ಬೇಡ ಬೇಡ! ಅದು ಈಗ ಅಲ್ಲ.”

“ಮತ್ತೆ ಯಾವಾಗ, ಮುಂದಿನ ವರ್ಷವಾ?”

“ಕಾರು ಕೆಳಗಿಳಿಸಿ, ಚಕ್ರದ ಮೇಲೆ ಭಾರ ಬಿದ್ಮೇಲೆ. ಪುಸ್ತಕದಲ್ಲಿ ಎರಡು ಸಲ ಬರೆದಿದ್ದಾರೆ, ದಪ್ಪ ಅಕ್ಷರದಲ್ಲಿ.”

“ಪುಸ್ತಕ ಬರೆದವನು ಕಾರಿನ ಕೆಳಗೆ ಮಲಗಿರ್ತಾನಾ?”

ಅವಳು ನಗಲಿಲ್ಲ. ಸ್ಟೂಲಿನ ಮೇಲೆ ಕೂತು ತನ್ನ ಮೊಣಕಾಲು ಮಡಚಿ ತೋರಿಸಿದಳು. “ಈ ಕಾಲಿಗೆ ಹೀಗೆ ಮಡಚಿದಾಗಲೇ ಪ್ಲಾಸ್ಟರ್ ಹಾಕ್ತೀರಿ ಅಂತಿಟ್ಕೊಳ್ಳಿ. ಆಮೇಲೆ ಎದ್ದು ನಡಿ ಅಂತೀರಿ. ಏನಾಗುತ್ತೆ? ಕೀಲು ದಿನಾ ತಿರುಚಿಕೊಂಡೇ ಇರುತ್ತೆ. ರಬ್ಬರೂ ಹಾಗೇ. ಗಾಳಿಯಲ್ಲಿ ಬಿಗಿದ್ರೆ ಅಲ್ಲೇ ಅಂಟ್ಕೊಳ್ಳುತ್ತೆ, ಕಾರು ಕೆಳಗಿಳಿದಾಗ ತಿರುಚುತ್ತೆ, ಹೆಚ್ಚಂದ್ರೆ ವರ್ಷ ಒಂದೂವರೆ ವರ್ಷ, ಹರಿದು ಹೋಗುತ್ತೆ.”

ವರ್ಷ ಒಂದೂವರೆ ವರ್ಷ.

ಸ್ಪ್ಯಾನರ್ ಕೆಳಗಿಟ್ಟೆ. ತಲೆ ಸುತ್ತುತ್ತಿದೆ ಎಂದೆ. ಅವಳು ನಾಡಿ ಹಿಡಿದು ನೋಡಿ, ನೀರು ಕುಡಿಸಿ, ಮಲಗಿಸಿ ಹೋದಳು. ನನ್ನ ಹಣೆ ಮೇಲೆ ಒದ್ದೆ ಬಟ್ಟೆ ಹಾಕಿದಳು. ಆ ಕೈಗೆ ನಾನು ಏನು ಮಾಡಿದ್ದೇನೆಂದು ಗೊತ್ತಿಲ್ಲ.

ಅಂಗಡಿಯವನದಲ್ಲ. ರಬ್ಬರಿನದಲ್ಲ. ನನಗೆ ಯಾರೂ ಕಲಿಸಲಿಲ್ಲ ಅಣ್ಣಾ. ನೋಡಿ ನೋಡಿ ಕಲಿತವನು. ನನಗೆ ತೋರಿಸಿದವನೂ ಗಾಳಿಯಲ್ಲೇ ಬಿಗಿಯುತ್ತಿದ್ದ. ಕೇಳಿಸುತ್ತಿದೆಯಾ? ನೀನು ಹೇಳಿದ್ದು ನನಗೆ ಕೇಳಿಸಿತ್ತು. ಕೇಳಿಸಿತ್ತು.

ಮಾರ್ಚ್ ೧೭, ಸೋಮವಾರ

ಹೇಳಿದೆ.

ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ನನ್ನ ತಲೆಸುತ್ತು ಹೇಗಿದೆಯೆಂದು ನೋಡಲು ಬಂದಿದ್ದಳು. ಅಡಿಗೆಮನೆಯ ಮೇಜಿನ ಮೇಲೆ ಹರಿದ ಬುಶ್ಶು ಇಟ್ಟು ಎಲ್ಲ ಹೇಳಿದೆ. ಗಾಳಿಯಲ್ಲಿ ಬಿಗಿದದ್ದು. ಅಣ್ಣ ಸದ್ದಿನ ವಿಷಯ ಹೇಳಿದ್ದು. ನಾನು ಕಿವಿ ತೋರಿಸ್ಕೋ ಎಂದದ್ದು. ಇವಳು ಒಲೆಯ ಹತ್ತಿರ ಬೆನ್ನು ಹಾಕಿ ನಿಂತಿದ್ದವಳು ತಿರುಗಲಿಲ್ಲ.

ಪುಟ್ಟಿ ತುಂಡೆರಡನ್ನೂ ಜೋಡಿಸಿ ನೋಡಿದಳು, ಮತ್ತೆ ಬಿಡಿಸಿದಳು.

“ಇದು ಹರಿದಿದೆ ಅಂತ ಯಾವಾಗ ಗೊತ್ತಾಯ್ತು?”

“ಬುಧವಾರ.”

“ಇವತ್ತು ಸೋಮವಾರ.”

“ಹ್ಞೂಂ.”

“ಬಿಗಿಯೋ ಕ್ರಮ ನಿಮಗೆ ಗೊತ್ತಿರ್ಲಿಲ್ಲ. ಸರಿ. ಅಪ್ಪನ ಮಾತಿಗೆ ನಕ್ಕಿರಿ, ಅವರೂ ನಕ್ಕರು. ಅದೂ ಇರ್ಲಿ. ಈ ಐದು ದಿನ? ನಾನು ಫೋನ್ ಮಾಡಿ ಕೇಳಿದ್ನಲ್ಲ ಚಿಕ್ಕಪ್ಪ, ಹೇಗಿತ್ತು ಅಂತ? ಐದು ದಿನ ಜೇಬಲ್ಲಿಟ್ಕೊಂಡು ನನ್ನ ಮುಖ ನೋಡ್ಕೊಂಡು ಕೂತಿದ್ರಿ?”

ಅವಳು ಬುಶ್ಶನ್ನು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಹೋದಳು. ಚಹಾ ಹಾಗೇ ಇತ್ತು. ಇವಳು ಅದನ್ನು ಚೆಲ್ಲಲಿಲ್ಲ, ಮುಚ್ಚಿಟ್ಟಳು.

ಮಾರ್ಚ್ ೧೮

ಬರಲಿಲ್ಲ.

ಮಾರ್ಚ್ ೨೦, ಗುರುವಾರ

ಬರಲಿಲ್ಲ. ಷೆಡ್ಡಿಗೆ ಹೋಗಿ ಸ್ಟೂಲಿನ ಮೇಲೆ ಕೂತೆ. ಕಾರು ಸ್ಟ್ಯಾಂಡಿನ ಮೇಲೆ ಕಾಲು ಇಳಿಬಿಟ್ಟುಕೊಂಡು ನಿಂತಿದೆ. ಹನ್ನೊಂದಾಯಿತು, ತಗಡು ಸದ್ದು ಮಾಡಿತು. ಕಿವಿಗೊಟ್ಟು ಕಾದೆ. ಮಧ್ಯಾಹ್ನದವರೆಗೂ ಕಾದೆ. ಬೈಯುವುದಕ್ಕಾದರೂ ಬರಬಾರದೇ ಅಣ್ಣಾ.

ಊಟಕ್ಕೆ ಕೂತಾಗ ಇವಳೇ ಮಾತು ತೆಗೆದಳು. “ಆರು ವರ್ಷದಿಂದ ನಿದ್ದೇಲಿ ‘ಕಿವಿ, ಕಿವಿ’ ಅಂತಿದ್ರಿ. ನಿಮಗೆ ಕಿವಿನೋವು ಅಂತ ನಾನು ಬಿಸಿ ಎಣ್ಣೆ ಬಿಡ್ತಿದ್ದೆ.”

ನಗು ಬಂತು, ಅಳು ಬಂತು. ಅವಳಿಗೂ ಅಷ್ಟೇ. ಅನ್ನ ಆರಿಹೋಯಿತು.

ಮಾರ್ಚ್ ೨೨, ಶನಿವಾರ

ಪುಟ್ಟಿ ಬಂದಳು. ಕೈಯಲ್ಲಿ ಹೊಸ ಸ್ಪ್ಯಾನರ್. ಎಷ್ಟು ಬಿಗಿಯಬೇಕೋ ಅಷ್ಟಾದ ಕೂಡಲೇ ಸದ್ದು ಮಾಡಿ ಹೇಳುವಂಥದ್ದು. ಮುಖ ಇಳಿದಿತ್ತು, ನಾಲ್ಕು ದಿನ ಸರಿಯಾಗಿ ತಿಂದಿಲ್ಲವೆನಿಸಿತು.

“ಅಮ್ಮನಿಗೆ ತೋರಿಸ್ದೆ” ಎಂದಳು.

ಅತ್ತಿಗೆಗೆ! ನಾನು ಬಾಗಿಲು ಹಿಡಿದುಕೊಂಡೆ.

“ಎಲ್ಲಾ ಕೇಳಿ, ‘ಇಷ್ಟು ಚಿಕ್ಕದಾ?’ ಅಂದ್ರು. ಸೋಪು ಹಾಕಿ ತೊಳೆದು ಒರೆಸಿ ಅಪ್ಪನ ಮಸೂರದ ಪೆಟ್ಟಿಗೇಲಿಟ್ರು. ಎರಡು ದಿನ ಯಾರ ಹತ್ರಾನೂ ಮಾತಾಡ್ಲಿಲ್ಲ. ನಿನ್ನೆ ಕೇಳಿದ್ರು, ನಿಮ್ಮ ತಲೆಸುತ್ತು ಹೇಗಿದೆ ಅಂತ.” ಸ್ಪ್ಯಾನರನ್ನು ಇನ್ನೊಂದು ಕೈಗೆ ಬದಲಾಯಿಸಿ ಹೇಳಿದಳು, “ನಾನು ಕ್ಷಮಿಸಿದ್ದೀನಿ ಅಂದ್ಕೋಬೇಡಿ. ನನಗಿನ್ನೂ ಗೊತ್ತಿಲ್ಲ. ಬನ್ನಿ, ಕೆಲಸ ಮುಗಿಸೋಣ.”

ಮುಂದಿನ ಚಕ್ರಗಳನ್ನು ಹಲಗೆಯ ಇಳಿಜಾರಿನ ಮೇಲೆ ಇಳಿಸಿದೆವು. ಈಗ ಭಾರ ಚಕ್ರದ ಮೇಲೆ, ಕೆಳಗೆ ಒಬ್ಬರು ಮಲಗುವಷ್ಟು ಜಾಗ. ನಾನು ಚಾಪೆ ಹಾಸಿ ಕೆಳಗೆ ಸರಿಯಲು ಹೊರಟೆ.

“ನೀವಲ್ಲ, ನಾನು. ನೀವು ಒಳಗೆ ಕೂತ್ಕೊಳ್ಳಿ. ಡ್ರೈವರ್ ಭಾರಾನೂ ಇರ್ಲಿ.”

“ಅದು ಪುಸ್ತಕದಲ್ಲಿದೆಯಾ?”

“ಇಲ್ಲ. ನಾನೇ ಹೇಳ್ತಿರೋದು.”

ಬಾಗಿಲು ತೆಗೆದೆ. ಸ್ವಲ್ಪ ಹೊತ್ತು ಹಿಡಿದುಕೊಂಡೇ ನಿಂತೆ. ಆಮೇಲೆ ಕೂತೆ. ಕಾಲು ಎಟುಕಲಿಲ್ಲ, ಸೀಟು ಮುಂದಕ್ಕೆ ಎಳೆದುಕೊಂಡೆ. ಕನ್ನಡಿ ಕೆಳಗೆ ಮಾಡಿದರೆ ಹೊಗೆಸೊಪ್ಪಿನಂಥ ಒಂದು ಮುಖ, ಗಡ್ಡ ಬೋಳಿಸಿ ವಾರವಾಗಿದೆ. ನಾಳೆ ಬೋಳಿಸಬೇಕು.

“ಅಲ್ಲಾಡ್ಬೇಡಿ” ಎಂದಳು ಕೆಳಗಿನಿಂದ. ಅವಳು ಒಂದೊಂದೇ ಬೋಲ್ಟು ಎಳೆಯುತ್ತಿದ್ದದ್ದು ಸೀಟಿನ ಮೂಲಕ ನನ್ನ ಸೊಂಟಕ್ಕೆ ತಿಳಿಯುತ್ತಿತ್ತು. ಟಕ್. ಮುಂದಿನದು. ಟಕ್. ಒಟ್ಟು ನಾಲ್ಕು. ಒಳ್ಳೆಯ ಸ್ಪ್ಯಾನರ್ ಅದು, ನನ್ನ ಕಾಲದಲ್ಲಿ ಇದ್ದಿದ್ದರೆ ಚೆನ್ನಾಗಿತ್ತು.

“ಉಸಿರಾದ್ರೂ ಆಡ್ಲೇನೇ?” ಎಂದು ಕೇಳಿದೆ.

“ಸ್ವಲ್ಪ ಸ್ವಲ್ಪ” ಎಂದಳು. ನಕ್ಕಳೋ ಇಲ್ಲವೋ, ಮುಖ ಕಾಣಲಿಲ್ಲ.

ಮಾರ್ಚ್ ೨೯, ಶನಿವಾರ

ವಾರವೆಲ್ಲ ಚಕ್ರದ ನೇರ ನೋಡಿಸುವುದು, ಮತ್ತೆ ಎಲ್ಲ ಬೋಲ್ಟು ಪರೀಕ್ಷಿಸುವುದು, ಇದರಲ್ಲೇ ಕಳೆಯಿತು. ಬರೆಯಲು ಪುರುಸೊತ್ತಾಗಲಿಲ್ಲ. ಇಂದು ಗಣಿಯ ರಸ್ತೆಯಲ್ಲಿ ಪುಟ್ಟಿ ಓಡಿಸಿದಳು, ನಾನು ಪಕ್ಕದಲ್ಲಿ. ಹೊಸ ಸ್ಪ್ರಿಂಗು ಸ್ವಲ್ಪ ಬಿರುಸು, ಬೆನ್ನಿಗೆ ತಿಳಿಯುತ್ತದೆ. ಆದರೆ ಕಲ್ಲಿನ ಮೇಲೂ ಮೂಗು ನೇರವಾಗಿ ಹಿಡಿದು ಹೋಗುತ್ತದೆ. ಇಳಿಜಾರಿನಲ್ಲಿ ಜೋರಾಗಿ ಬ್ರೇಕು ಒತ್ತು ಎಂದೆ. ಒತ್ತಿದಳು. ಕೂದಲೆಳೆಯಷ್ಟೂ ವಾಲಲಿಲ್ಲ. ಇನ್ನೊಮ್ಮೆ ಎಂದೆ. ಐದು ಸಲ ಒತ್ತಿಸಿದೆ.

“ಈಗ ಇಳಿದು ನಡ್ಕೊಂಡು ಬನ್ನಿ” ಎಂದಳು.

ಬರುವ ದಾರಿಯಲ್ಲಿ ಬೇಕರಿಯವನ ಕಾರು ಎದುರಾಯಿತು. ಕೈ ಬೀಸಿ ಹೋದ. ಅದಕ್ಕೆ ತೋಳು ಹಾಕಿದವನು ನಾನೇ, ಹೋದ ವರ್ಷದ ಹಿಂದಿನ ವರ್ಷ. ಗಾಳಿಯಲ್ಲೇ ಬಿಗಿದದ್ದು.

“ಪುಟ್ಟಿ, ಗಾಡಿ ತಿರುಗಿಸು” ಎಂದೆ.

ಏಪ್ರಿಲ್ ೬, ಭಾನುವಾರ

ನಾನು ತೋಳು ಹಾಕಿದ ಕಾರುಗಳಲ್ಲಿ ಇನ್ನೂ ಓಡುತ್ತಿರುವವು, ನೆನಪಿಗೆ ಬಂದ ಮಟ್ಟಿಗೆ ಹತ್ತೊಂಬತ್ತು. ಪುಟ್ಟಿಯ ರಜೆಯ ದಿನ ಅವಳ ಕಾರಿನಲ್ಲೇ ಜ್ಯಾಕು, ಸ್ಟ್ಯಾಂಡು, ಹಲಗೆ ಹೇರಿಕೊಂಡು ಹೊರಡುತ್ತೇವೆ. ಬೇಕರಿಯವನದು ಅವತ್ತೇ ಆಯಿತು, ಬುಶ್ಶಿನಲ್ಲಿ ಬೆರಳು ಹೋಗುವಷ್ಟು ಬಿರುಕಿತ್ತು. ಅವನು ಕಾರಿಗೆ ವಯಸ್ಸಾಯಿತೆಂದುಕೊಂಡ, ನಾನೂ ಹೂಂ ಎಂದುಬಿಟ್ಟೆ. ಅದು ಸರಿ ಅನ್ನಿಸದೆ ಇಂದು ಬೆಳಿಗ್ಗೆ ಮತ್ತೆ ಹೋಗಿ ನಿಜ ಹೇಳಿ ಬಂದೆ. ಎರಡನೆಯದು ಹಾಲು ಸಾಗಿಸುವವಳದು. ಅವಳು ಕೇಳಿ, “ಅಯ್ಯೋ, ಅಷ್ಟೇನಾ? ನಾನೇನೋ ಕಾರೇ ಕದಿಯೋಕೆ ಬಂದ್ರೇನೋ ಅಂದ್ಕೊಂಡೆ” ಎಂದಳು.

ಮೂರನೆಯವರು ಡ್ರಾಯಿಂಗ್ ಮೇಷ್ಟ್ರು. ಬಾಗಿಲಲ್ಲೇ ತಡೆದರು.

“ಏನಯ್ಯಾ, ನನ್ನ ಕಾರಲ್ಲಿ ಏನೂ ಸದ್ದಿಲ್ವಲ್ಲ.”

“ಸದ್ದು ಬರೋವರೆಗೂ ಕಾಯೋದು ಬೇಡ ಮೇಷ್ಟ್ರೇ. ನಾನು ಬಿಗಿದದ್ದೇ ತಪ್ಪು. ಕ್ರಮ ಗೊತ್ತಿರಲಿಲ್ಲ. ರಬ್ಬರು ಹರಿದಿರ್ಬಹುದು. ಹರಿದ್ರೆ ಬ್ರೇಕ್ ಹಾಕಿದಾಗ ಕಾರು ವಾಲುತ್ತೆ.”

ಅವರ ಮುಖ ಕೆಂಪಾಯಿತು. “ಅದರಲ್ಲಿ ನನ್ನ ಮೊಮ್ಮಕ್ಕಳು ಓಡಾಡ್ತಾರೆ!”

“ಅದಕ್ಕೇ ಬಂದೆ.”

“ಇಷ್ಟು ವರ್ಷ ಏನು ಮಾಡ್ತಿದ್ದೆ? ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೆಯಾ?”

ಹೌದು ಎನ್ನುವುದೋ ಇಲ್ಲ ಎನ್ನುವುದೋ ತಿಳಿಯಲಿಲ್ಲ. ಹಿಂದೆ ಹಲಗೆ ಇಳಿಸುತ್ತಿದ್ದ ಪುಟ್ಟಿ ಅದನ್ನು ಗೋಡೆಗೊರಗಿಸಿ ಮುಂದೆ ಬಂದಳು.

“ಇಲ್ಲ ಮೇಷ್ಟ್ರೇ. ಅವರಿಗೆ ಗೊತ್ತಾಗಿದ್ದೇ ಹೋದ ತಿಂಗಳು. ಗೊತ್ತಾದ ಐದೇ ದಿನಕ್ಕೆ ಹೇಳಿದ್ರು.”

ಮೇಷ್ಟ್ರು ಅವಳನ್ನು ನೋಡಿದರು, ನನ್ನನ್ನು ನೋಡಿದರು, ಒಳಗೆ ಹೋಗಿ ಬೀಗದ ಕೈ ತಂದು ಅವಳ ಕೈಗೆ ಕೊಟ್ಟರು. ನಾನು ಜ್ಯಾಕು ಎತ್ತಿಕೊಂಡು ಕಾರಿನ ಪಕ್ಕ ಕೂತೆ. ಕಣ್ಣು ಮಂಜಾಗಿ ಜ್ಯಾಕಿನ ಜಾಗ ಸಿಗಲಿಲ್ಲ. ಪುಟ್ಟಿ ಬಂದು ನನ್ನ ಕೈ ಹಿಡಿದು ಎರಡಿಂಚು ಈಚೆ ಸರಿಸಿದಳು.

ಒಂದು ಕಡೆ ಬಿರುಕು, ಒಂದು ಕಡೆ ಪೂರ್ತಿ ಹರಿದಿತ್ತು. ಎರಡೂ ಹೊಸದು ಹಾಕಿದೆವು. ಮೇಷ್ಟ್ರನ್ನೇ ಸೀಟಿನಲ್ಲಿ ಕೂರಿಸಿ ಬಿಗಿದೆವು. ಸೊಂಟ ನೋಯುತ್ತಿದೆ. ಉಳಿದದ್ದು ಹದಿನಾರು.